ಹನಿ ಕಣ್ಣಿಗೆ ಸೇರುವವರೆಗೆ

“ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೀರಾ?” ಎಂದು ವೈದ್ಯರು ಕೇಳಿದಾಗಲೆಲ್ಲ ಅಮ್ಮ, “ಹೂಂ ಸಾರ್, ಒಂದು ರಾತ್ರಿಯೂ ತಪ್ಪಿಸಿಲ್ಲ” ಎಂದೇ ಹೇಳುತ್ತಿದ್ದಳು. ಅದು ಸತ್ಯ. ಆದರೂ ಅವಳ ಕಣ್ಣಿನ ಒತ್ತಡ ಇಳಿಯುತ್ತಿರಲಿಲ್ಲ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಇರುವವರು ಹನಿ ಹಾಕುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ಮಾತು ಬಂದರೆ ಸಾಕು, ಜನಕ್ಕೆ ಅಸಡ್ಡೆ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ಅಮ್ಮನ ಜೊತೆ ಕೆಲವು ವರ್ಷ ಈ ಕಾಯಿಲೆಯ ಹಿಂದೆ ಅಲೆದ ಮೇಲೆ ಆ ತೀರ್ಪು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವೈದ್ಯರ ಚೀಟಿಗೂ ಕಣ್ಣಿಗೂ ನಡುವೆ ಔಷಧದ ಅಂಗಡಿ ಇದೆ, ದುಡ್ಡಿದೆ, ಫ್ರಿಜ್ ಇದೆ, ಸೊಸೆಯ ಬಿಡುವಿದೆ, ಮರಗಟ್ಟಿದ ಬೆರಳಿದೆ. ಹೇಳಿದ ಮಾತನ್ನು ಅಕ್ಷರಶಃ ಪಾಲಿಸುವವರ ಔಷಧವೂ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಸೋರಿಹೋಗಬಹುದು.

ಅಮ್ಮ ಶಿಡ್ಲಘಟ್ಟದಲ್ಲಿ ಅಣ್ಣ-ಅತ್ತಿಗೆಯ ಜೊತೆ ಇದ್ದಾಳೆ. ನಾನು ಚಿಂತಾಮಣಿಯಲ್ಲಿ ಶಿಕ್ಷಕಿ. ಅಮ್ಮ ಹರೆಯದಿಂದಲೂ ಫಿಲೇಚರ್‌ಗಳಲ್ಲಿ ರೇಷ್ಮೆ ನೂಲು ತೆಗೆದವಳು. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಹಿಡಿಯುವ ಕೆಲಸ ಅದು. ದಶಕಗಟ್ಟಲೆ ಬಿಸಿನೀರಿನಲ್ಲಿ ನೆನೆದ ಅವಳ ಬೆರಳತುದಿಗೆ ಈಗ ಸ್ಪರ್ಶ ಮಂದ, ಗೆಣ್ಣುಗಳು ಬಿಗಿ. ಆ ಹಬೆ ಮತ್ತು ಬೆಂದ ಹುಳುವಿನ ನಾತದ ನಡುವೆ ದುಡಿದ ಅನೇಕರಂತೆ ಅವಳಿಗೂ ಉಬ್ಬಸವಿದೆ. ಕಣ್ಣಿನ ವೈದ್ಯರು ಮೊದಲ ದಿನವೇ ಉಬ್ಬಸ ಇದೆಯೇ ಎಂದು ಕೇಳಿದರು. ಬೆರಳಿನ ಬಗ್ಗೆ ಯಾರೂ ಕೇಳಲಿಲ್ಲ.

ಕಾಯಿಲೆ ಸಿಕ್ಕಿದ್ದು ಪೊರೆ ತಪಾಸಣೆಯ ಉಚಿತ ಶಿಬಿರದಲ್ಲಿ. ಅಮ್ಮ ಹೋಗಿದ್ದದ್ದು ಪೊರೆ ಬಲಿತಿದೆಯೇ ಎಂದು ತೋರಿಸಿಕೊಳ್ಳಲು. ಒತ್ತಡ ಅಳೆದವರು ಇನ್ನೊಮ್ಮೆ ಅಳೆದರು, ಬೆಂಗಳೂರಿಗೆ ಹೋಗಿ ಎಂದು ಚೀಟಿ ಬರೆದರು. ವಿಜಯಪುರ, ದೇವನಹಳ್ಳಿ ದಾಟಿ ಹೋಗುವ ಬಸ್ಸಿನಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆಯಲ್ಲ, ಏನಂತೆ?” ಈ ಕಾಯಿಲೆಯ ಕಷ್ಟವೆಲ್ಲ ಆ ಪ್ರಶ್ನೆಯಲ್ಲಿದೆ. ಕಣ್ಣಿನೊಳಗೆ ಹುಟ್ಟುವ ನೀರು ಸರಿಯಾಗಿ ಬಸಿದುಹೋಗದೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ಎಳೆಎಳೆಯಾಗಿ ಸಾಯುತ್ತದೆ. ಸಾಮಾನ್ಯ ಒತ್ತಡ, ಪಾದರಸದ ಲೆಕ್ಕದಲ್ಲಿ, 10ರಿಂದ 21 ಎಂಎಂ (ಮಿಲಿಮೀಟರ್) ಎನ್ನುತ್ತಾರೆ. ಅಷ್ಟೇ ಇದ್ದರೂ ನರ ಕೆಡುವವರಿದ್ದಾರೆ. ಅಮ್ಮನ ಬಲಗಣ್ಣಿನಲ್ಲಿ 28 ಇತ್ತು, ಎಡಗಣ್ಣಿನಲ್ಲಿ 26. ನೋವಿಲ್ಲ, ಕೆಂಪಿಲ್ಲ. ನೋಟ ಮೊದಲು ಅಂಚಿನಲ್ಲಿ ಹೋಗುವುದರಿಂದ ಓದುವುದಕ್ಕೆ, ಸೂಜಿಗೆ ದಾರ ಪೋಣಿಸುವುದಕ್ಕೆ ತೊಂದರೆಯೇ ಇರುವುದಿಲ್ಲ. ಹೋದ ನೋಟ ಮರಳುವುದೂ ಇಲ್ಲ. ನಮ್ಮ ದೇಶದಲ್ಲಿ 40 ದಾಟಿದವರಲ್ಲಿ 1.1 ಕೋಟಿಗೂ ಹೆಚ್ಚು ಜನಕ್ಕೆ ಇದು ಇದೆ ಎಂದು 2010ರ ಒಂದು ಅಂದಾಜು ಹೇಳಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ತಮಗೆ ಕಾಯಿಲೆ ಇರುವುದೇ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಕನ್ನಡಿಯಿರುವ ಮಸೂರವನ್ನು ಕಣ್ಣಿಗೆ ತಾಗಿಸಿ, ನೀರು ಬಸಿಯುವ ಮೂಲೆ ತೆರೆದಿದೆಯೇ ಮುಚ್ಚಿದೆಯೇ ಎಂದು ನೋಡಿದರು. ತೆರೆದಿತ್ತು. ಆ ಮೂಲೆ ಮುಚ್ಚಿಕೊಳ್ಳುವ ಇನ್ನೊಂದು ಬಗೆಯ ಗ್ಲಾಕೋಮಾದಲ್ಲಿ ಕೆಲವರಿಗೆ ಒಮ್ಮೆಲೇ ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಬರುತ್ತವೆ. ಹಾಗಾದವರು ಅದೇ ದಿನ ಕಣ್ಣಿನ ವೈದ್ಯರ ಬಳಿ ಓಡಬೇಕು. ಅಮ್ಮನದು ಸದ್ದಿಲ್ಲದ ಬಗೆ. ಆಮೇಲೆ ನೋಟದ ಹರವಿನ ಪರೀಕ್ಷೆ. ಬಿಳಿ ಗೂಡಿನಂಥ ಯಂತ್ರದೊಳಗೆ ಗದ್ದ ಊರಿ, ನಡುವಿನ ದೀಪವನ್ನೇ ದಿಟ್ಟಿಸುತ್ತ, ಅಕ್ಕಪಕ್ಕ ಎಲ್ಲಿ ಚುಕ್ಕೆ ಮಿನುಗಿದರೂ ಗುಂಡಿ ಒತ್ತಬೇಕು. ಈ ಪರೀಕ್ಷೆಯನ್ನು ಆಮೇಲೆ ನಾನೂ ಮಾಡಿಸಿಕೊಂಡೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಕೆಲವು ಚುಕ್ಕೆ ಬೇಕೆಂದೇ ಕಾಣಲಾರದಷ್ಟು ಮಂಕಾಗಿರುತ್ತವೆ ಎಂದು ಮೊದಲೇ ಹೇಳಿದ್ದರೂ, ಬಹಳ ಹೊತ್ತು ಏನೂ ಕಾಣದಿದ್ದಾಗ ಎದೆ ಹೊಡೆದುಕೊಳ್ಳುತ್ತದೆ. ಅಮ್ಮನಂತೂ ಪರೀಕ್ಷೆಯಲ್ಲಿ ಫೇಲಾದೆ ಎಂದು ಅಳುಮೋರೆ ಮಾಡಿಕೊಂಡು ಹೊರಬಂದಳು. ಅಚ್ಚಾಗಿ ಬಂದ ಚಿತ್ರದಲ್ಲಿ ಬಲಗಣ್ಣಿನ ಮೂಗಿನ ಕಡೆಯ ಮೇಲ್ಭಾಗ ಕಪ್ಪಾಗಿತ್ತು.

ವೈದ್ಯರು ಲ್ಯಾಟನೊಪ್ರೊಸ್ಟ್ ಬರೆದರು. ರಾತ್ರಿ ಒಂದು ಸಲ, ಎರಡೂ ಕಣ್ಣಿಗೆ ಒಂದೊಂದು ಹನಿ, ಜೀವನಪೂರ್ತಿ. ಅಗ್ಗದ ಹಳೆಯ ಔಷಧ ಟಿಮೋಲಾಲ್ ಉಬ್ಬಸ ಇರುವವರಿಗೆ ಆಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಒತ್ತಡ 18ಕ್ಕಿಂತ ಕೆಳಗೆ ಬರಲಿ ಎಂದರು. ಸ್ವೀಡನ್ನಿನಲ್ಲಿ ನಡೆದ ದೀರ್ಘ ಅಧ್ಯಯನವೊಂದರಲ್ಲಿ, ಒತ್ತಡ ಒಂದೊಂದು ಎಂಎಂ ಇಳಿದಾಗಲೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ತಗ್ಗಿದ್ದು ಕಂಡುಬಂದಿದೆ. ಹಾಗಾಗಿ ಎರಡು ಮೂರು ಎಂಎಂ ವ್ಯತ್ಯಾಸವೂ ಸಣ್ಣದಲ್ಲ.

ಅಮ್ಮ ವ್ರತ ಹಿಡಿದವಳಂತೆ ಹನಿ ಹಾಕಿಕೊಂಡಳು. ಮುಂದಿನ ತಪಾಸಣೆಯಲ್ಲಿ ಬಲಗಣ್ಣು 25. ಇನ್ನೊಂದು ತಪಾಸಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಈ ಔಷಧ ಸಾಮಾನ್ಯವಾಗಿ ಒತ್ತಡವನ್ನು ಕಾಲು ಭಾಗಕ್ಕೂ ಮಿಕ್ಕಿ ಇಳಿಸುತ್ತದೆ. ವೈದ್ಯರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಅದೇ ಪ್ರಶ್ನೆ ಕೇಳಿದರು. ಅದೇ ಉತ್ತರ ಬಂತು. ಅವರು ನಂಬಲಿಲ್ಲ ಎಂಬುದು ಅಮ್ಮನಿಗೂ ಗೊತ್ತಾಯಿತು. ಡಾರ್ಜೊಲಮೈಡ್ ಎಂಬ ಎರಡನೆಯ ಹನಿ ಸೇರಿಸುವುದಾಗಿ ಹೇಳಿದರು. ಅದೂ ಸಾಲದಿದ್ದರೆ ಆಪರೇಷನ್ ಮಾತು ಬರುತ್ತದೆ ಎಂದರು.

ಚೀಟಿ ಹಿಡಿದು ಹೊರಬಂದಾಗ ಒತ್ತಡ ಅಳೆಯುವ ಕೋಣೆಯ ಹುಡುಗಿ ನಮ್ಮನ್ನು ಕೂರಿಸಿಕೊಂಡಳು. ಹೊಸ ಹನಿಯ ಹೊತ್ತು ವಿವರಿಸುವುದು ಅವಳ ಕೆಲಸ. ಅದಕ್ಕೆ ಮೊದಲು ಅವಳು, “ಅಜ್ಜಿ, ಮನೆಯಲ್ಲಿ ಹೇಗೆ ಹಾಕಿಕೊಳ್ಳುತ್ತೀರೋ ಹಾಗೆಯೇ ನನ್ನ ಮುಂದೆ ಒಂದು ಸಲ ಹಾಕಿಕೊಳ್ಳಿ” ಎಂದು ಕಣ್ಣೀರಿನಂಥ ಹನಿಯ ಒಂದು ಸೀಸೆ ಕೈಗಿಟ್ಟಳು. ಅಮ್ಮ ತಲೆ ಹಿಂದಕ್ಕೆ ವಾಲಿಸಿ, ಎರಡು ಬೆರಳಿನಿಂದ ಸೀಸೆ ಹಿಡಿದು, ಒತ್ತಲು ಹೋಗಿ, ಬೆರಳಿಗೆ ಬಲ ಸಾಲದೆ ಅಂಗೈಯಿಂದ ಅಮುಕಿದಳು. ಸೀಸೆ ಕಣ್ಣಿನ ಹತ್ತಿರ ಬಂದ ಕ್ಷಣ ರೆಪ್ಪೆ ಮುಚ್ಚಿಕೊಂಡಿತು. ಮೂರು ನಾಲ್ಕು ಹನಿ ಒಟ್ಟಿಗೆ ಬಿದ್ದವು, ಎಲ್ಲವೂ ರೆಪ್ಪೆಯ ಮೇಲೆ, ಕೆನ್ನೆಯ ಮೇಲೆ. “ಬಿತ್ತು, ತಣ್ಣಗಾಯಿತು” ಎಂದಳು ಅಮ್ಮ, ಪೂರ್ಣ ನಂಬಿಕೆಯಿಂದ. ಕೆನ್ನೆ ತಣ್ಣಗಾದದ್ದನ್ನೇ ಅವಳು ಇಷ್ಟು ತಿಂಗಳು ಕಣ್ಣಿಗೆ ಬಿದ್ದ ಗುರುತು ಎಂದುಕೊಂಡಿದ್ದಳು.

ಆ ಹುಡುಗಿ ನಗಲಿಲ್ಲ, ಗದರಲಿಲ್ಲ. ನೇರವಾಗಿ ವೈದ್ಯರ ಬಳಿಗೆ ಹೋಗಿ, ಎರಡನೆಯ ಔಷಧವನ್ನು ಸದ್ಯ ತಡೆಯಿರಿ ಎಂದು ಹೇಳಿ ಬಂದಳು. ಅವರೂ ಒಪ್ಪಿದರು. ಅವಳ ಹೆಸರು ಕೇಳಲು ನನಗೆ ತೋಚಲಿಲ್ಲ, ಆದರೆ ಅಮ್ಮನ ಕಣ್ಣು ಉಳಿದಿರುವುದರಲ್ಲಿ ಅವಳ ಪಾಲು ದೊಡ್ಡದು. ಒಳಗೆ ಹೋಗದ ಔಷಧದ ಜೊತೆಗೆ ಒಳಗೆ ಹೋಗದ ಇನ್ನೊಂದು ಔಷಧ ಸೇರುವುದರಲ್ಲಿತ್ತು. ಖರ್ಚು ಏರುತ್ತಿತ್ತು, ಒತ್ತಡ ಇಳಿಯುತ್ತಿರಲಿಲ್ಲ, ಕೊನೆಗೆ ಕತ್ತರಿಯವರೆಗೆ ಹೋಗುತ್ತಿತ್ತು.

ಅವಳು ಕಲಿಸಿದ್ದು ಹೀಗೆ. ಕೂತು ಹಾಕಿಕೊಳ್ಳುವ ಬದಲು ಹಾಸಿಗೆಯ ಮೇಲೆ ಅಂಗಾತ ಮಲಗಬೇಕು. ಒಂದು ಕೈಯ ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದರೆ ಒಂದು ಪುಟ್ಟ ತೊಟ್ಟಿಯಾಗುತ್ತದೆ. ಸೀಸೆ ಹಿಡಿದ ಕೈಯನ್ನು ಹಣೆಯ ಮೇಲೆ ಊರಿದರೆ ನಡುಗುವುದಿಲ್ಲ. ಸೀಸೆಯ ಮೂತಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಒಂದೇ ಹನಿ, ಕಣ್ಣು ಅದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವುದಿಲ್ಲ, ಎರಡನೆಯದು ಕೆನ್ನೆಗೆ ಹರಿಯುತ್ತದೆ. ಆಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಕಣ್ಣೀರು ಮೂಗಿಗೆ ಇಳಿಯುವ ಕಿರುದಾರಿ ಅಲ್ಲಿದೆ. ಒತ್ತದಿದ್ದರೆ ಔಷಧ ಗಂಟಲಿಗೆ, ರಕ್ತಕ್ಕೆ ಹೋಗುತ್ತದೆ. ಎರಡು ಬಗೆಯ ಹನಿ ಇರುವವರು ನಡುವೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವವರಿಗೆ ಇನ್ನೊಂದು ಉಪಾಯವಿದೆ: ಮಲಗಿ, ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯ ಮೇಲೆ ಹನಿ ಬಿಟ್ಟು, ಆಮೇಲೆ ನಿಧಾನವಾಗಿ ಕಣ್ಣು ತೆರೆಯುವುದು. ಅಮ್ಮನಿಗೆ ಹೊಂದಿದ್ದು ಇದೇ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹನಿಯಾದರೆ ಒಳಗೆ ಬಿದ್ದದ್ದೂ ಹೊರಗೆ ಬಿದ್ದದ್ದೂ ಈಗ ಅವಳಿಗೆ ಬೇರೆಬೇರೆಯಾಗಿ ತಿಳಿಯುತ್ತದೆ.

ಕೆಲವು ವಾರಗಳ ನಂತರ ಬಲಗಣ್ಣು 17, ಎಡಗಣ್ಣು 16. ಔಷಧ ಅದೇ, ಸೀಸೆ ಅದೇ.

ಆಮೇಲೆ ಒಂದು ಸಂಗತಿ ಗಮನಿಸಿದೆ. ಹಿಂದೆ ಸೀಸೆ ಎರಡು ವಾರಕ್ಕೇ ಖಾಲಿಯಾಗುತ್ತಿತ್ತು. 2.5 ಮಿಲಿ ಸೀಸೆಯಲ್ಲಿ ಸುಮಾರು 80 ಹನಿ ಇರುತ್ತವೆ. ದಿನಕ್ಕೆ ಎರಡರಂತೆ ತಿಂಗಳು ಕಳೆದೂ ಉಳಿಯಬೇಕು. ತೆರೆದ ಸೀಸೆಯನ್ನು ತಿಂಗಳು ಕಳೆದ ಮೇಲೆ ಎಸೆಯಿರಿ ಎನ್ನುವುದರಿಂದ ಲೆಕ್ಕ ಸರಿಹೋಗುತ್ತದೆ. ಅಮ್ಮನದು ಅರ್ಧದಲ್ಲೇ ಮುಗಿಯುತ್ತಿತ್ತು. ಮುಗಿದಾಗ ಅಣ್ಣನಿಗೆ ಹೇಳಬೇಕು, ಅಣ್ಣನ ಕೈಯಲ್ಲಿ ಆ ವಾರ ದುಡ್ಡಿರಬೇಕು, ಅಂಗಡಿಯಲ್ಲಿ ಆ ಔಷಧ ಇರಬೇಕು. “ಈಗ ತಾನೇ ತಂದದ್ದು, ಮತ್ತೆ ಮುಗಿಯಿತಾ?” ಎಂದು ಯಾರಾದರೂ ಒಂದು ಮಾತು ಅಂದರೆ ಸಾಕು, ಇನ್ನೊಮ್ಮೆ ಕೇಳಲು ವಯಸ್ಸಾದವರಿಗೆ ಮನಸ್ಸು ಬರುವುದಿಲ್ಲ. ಕೈಯ ದೋಷ ಹೀಗೆ ಖರ್ಚಿನ ರೂಪ ತಾಳುತ್ತದೆ, ಖರ್ಚು ಸಂಕೋಚವಾಗುತ್ತದೆ, ಸಂಕೋಚದಿಂದ ನಾಲ್ಕಾರು ದಿನ ಹನಿಯೇ ಇಲ್ಲದೆ ಹೋಗಬಹುದು. ಹೊಸ ಸೀಸೆಯ ಮೂತಿಯನ್ನು ಮುಚ್ಚಳದೊಳಗಿನ ಮುಳ್ಳಿನಿಂದಲೇ ಚುಚ್ಚಿ ತೆರೆಯಬೇಕು. ಮುಚ್ಚಳ ಬಿಗಿಯಾಗಿದೆ ಎಂದು ಪಿನ್ನಿನಿಂದಲೋ ಕತ್ತರಿಯಿಂದಲೋ ತೂತು ಮಾಡಿದರೆ ತೂತು ದೊಡ್ಡದಾಗಿ, ಹನಿ ದಪ್ಪವಾಗಿ, ಔಷಧ ಇನ್ನೂ ಬೇಗ ಮುಗಿಯುತ್ತದೆ. ಈಗ ತೆರೆದ ದಿನವನ್ನು ಅತ್ತಿಗೆ ಸೀಸೆಯ ಮೇಲೆ ಪೆನ್ನಿನಲ್ಲಿ ಬರೆಯುತ್ತಾರೆ. ಬೇಗ ಮುಗಿದರೆ ಹೊರಗೆ ಚೆಲ್ಲುತ್ತಿದೆ ಎಂದು ಅರ್ಥ. ತಿಂಗಳಾದರೂ ಮುಕ್ಕಾಲು ತುಂಬಿದ್ದರೆ ಹಾಕಿಕೊಳ್ಳುತ್ತಿಲ್ಲ ಎಂದು. ರೋಗಿಯನ್ನು ಪ್ರಶ್ನಿಸುವುದಕ್ಕಿಂತ ಸೀಸೆಯನ್ನು ನೋಡುವುದು ಲೇಸು.

ದುಡ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ಮನೆಯಲ್ಲಿ ದಿನಾ ಹಾಕುವ ಹನಿಯ ಬಿಲ್ಲು ಅದರಲ್ಲಿ ಸೇರುವುದಿಲ್ಲ. ಜನೌಷಧಿ ಕೇಂದ್ರದಲ್ಲಿ ಇದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಯಾವಾಗಲೂ ದಾಸ್ತಾನು ಇರುವುದಿಲ್ಲ. ಒಮ್ಮೆ ಹಾಗೆ ಎಲ್ಲೂ ಸಿಗದೆ ಒಂದು ಅಂಗಡಿಯವರು “ಇದೂ ಅದೇ, ಇನ್ನೂ ಪವರ್ ಜಾಸ್ತಿ” ಎಂದು ಬೇರೆ ಸೀಸೆ ಕೊಟ್ಟರು. ನಾಲ್ಕನೆಯ ರಾತ್ರಿ ಅಮ್ಮನಿಗೆ ಉಸಿರು ಕಟ್ಟಿ, ಕೂತೇ ಬೆಳಗು ಮಾಡಿದಳು. ಹಬೆಯಂತ್ರ ಇಡುವವರೆಗೆ ಹೋಯಿತು. ಸೀಸೆಯ ಸಣ್ಣ ಅಕ್ಷರ ಓದಿದರೆ ಲ್ಯಾಟನೊಪ್ರೊಸ್ಟ್ ಜೊತೆಗೆ ಟಿಮೋಲಾಲ್ ಇತ್ತು. ಕಣ್ಣಿಗೆ ಬಿಟ್ಟ ಒಂದು ಹನಿ ಎದೆಯನ್ನು ಹೀಗೆ ಹಿಡಿಯಬಲ್ಲದು ಎಂದು ಎಷ್ಟು ಮನೆಗಳಲ್ಲಿ ಗೊತ್ತಿದೆ? ಉಬ್ಬಸ ಇರುವವರು, ನಾಡಿ ನಿಧಾನವಾಗಿ ಬಡಿಯುವವರು ಆ ಹೆಸರನ್ನು ನೆನಪಿಡಬೇಕು. ಅಮ್ಮ ಅದಾದ ಮೇಲೆ ಸರಿಯಾದ ಹನಿಯನ್ನೂ ಮುಟ್ಟಲು ಹೆದರಿದಳು. ಹೊರಗಿನವರ ಕಣ್ಣಿಗೆ ಅದು ಔಷಧ ಬಿಟ್ಟ ಅಸಡ್ಡೆಯಂತೆ ಕಾಣುತ್ತಿತ್ತು. ಅವಳ ಮಟ್ಟಿಗೆ ಅದು ಪ್ರಾಣಭಯ. ಎರಡು ಸೀಸೆಗಳನ್ನೂ ಪಕ್ಕಪಕ್ಕ ಇಟ್ಟು ಹೆಸರು ತೋರಿಸಿ ಓದಿ ಹೇಳಿದ ಮೇಲೆಯೇ ಧೈರ್ಯ ಬಂದದ್ದು.

ಲ್ಯಾಟನೊಪ್ರೊಸ್ಟಿಗೂ ತನ್ನವೇ ತೊಂದರೆಗಳಿವೆ. ಕಣ್ಣು ಕೆಂಪಾಗುತ್ತದೆ, ಉರಿಯುತ್ತದೆ, ರೆಪ್ಪೆಗೂದಲು ಉದ್ದವಾಗುತ್ತದೆ, ಕಣ್ಣಿನ ಸುತ್ತ ಚರ್ಮ ಕಪ್ಪಾಗುತ್ತದೆ. ಮದುವೆಮನೆಯಲ್ಲಿ ಅಮ್ಮನನ್ನು ಕಂಡವರೆಲ್ಲ “ಮದ್ರಾಸ್ ಐ ಬಂದಿದೆಯಾ?” ಎಂದು ಕೇಳಿ ದೂರ ಸರಿದರು. ಸುಮ್ಮನಿರುವ ಕಣ್ಣಿಗೆ ಔಷಧ ಹಾಕಿ ಕೆಂಪು ಮಾಡಿಕೊಳ್ಳಬೇಕೆಂದರೆ ಯಾರಿಗಾದರೂ ಬೇಸರವಾಗದೆ ಇರುತ್ತದೆಯೇ? ಜ್ವರದ ಮಾತ್ರೆ ನುಂಗಿದರೆ ಮೈ ಹಗುರವಾಗುತ್ತದೆ. ಈ ಹನಿಯಿಂದ ಹಾಗೆ ಕೈಗೆ ಸಿಗುವ ಲಾಭ ಒಂದೂ ಇಲ್ಲ. ಬಹಳ ಚೆನ್ನಾಗಿ ಕೆಲಸ ಮಾಡಿದರೆ ನೋಟ ಇದ್ದಂತೆಯೇ ಇರುತ್ತದೆ, ಅಷ್ಟೇ. ಉಳಿದ ನೋಟವನ್ನು ತೋರಿಸುವುದು ಆ ಪರೀಕ್ಷೆಯ ಚಿತ್ರ ಮಾತ್ರ. ಅದಕ್ಕೇ ಈಗ ಪ್ರತಿ ಸಲವೂ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಅಮ್ಮನ ಮುಂದೆ ಹಿಡಿದು, ಕಪ್ಪು ಹರಡಿಲ್ಲ ನೋಡು ಎಂದು ತೋರಿಸುತ್ತೇನೆ. ಅಮ್ಮ ಬೆರಳಿಟ್ಟು ಅಳೆದು ನೋಡುತ್ತಾಳೆ. ಮುಂದಿನ ತಪಾಸಣೆಯವರೆಗೆ ಅದೇ ಅವಳಿಗೆ ಬಲ.

ಹೊತ್ತು ತಪ್ಪದಂತೆ ಮಾಡಿದ್ದು ಅತ್ತಿಗೆಯ ಉಪಾಯ. ಮೊಬೈಲಿನಲ್ಲಿ ಅಲಾರಾಂ ಇಟ್ಟರೆ ಅಮ್ಮನಿಗೆ ಅದು ಯಾವುದರ ಸದ್ದು ಎಂದೇ ತಿಳಿಯುತ್ತಿರಲಿಲ್ಲ. ಆದರೆ ರಾತ್ರಿ ಹಾಲಿಗೆ ಹೆಪ್ಪು ಹಾಕುವುದನ್ನು ಅವಳು ಜ್ವರ ಬಂದಾಗಲೂ ಬಿಟ್ಟವಳಲ್ಲ. ಅತ್ತಿಗೆ ಸೀಸೆಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕದಲ್ಲಿ, ಒಂದು ಪುಟ್ಟ ಡಬ್ಬಿಯೊಳಗೆ ಇಟ್ಟರು. ಮೊಸರಿಗೆ ಕೈ ಹಾಕಿದರೆ ಸೀಸೆ ಸಿಗುತ್ತದೆ. ತೆರೆಯದ ಸೀಸೆ ಫ್ರಿಜ್ಜಿನಲ್ಲೇ ಇರಬೇಕು. ತೆರೆದದ್ದು 25 ಡಿಗ್ರಿಯೊಳಗಿನ ತಂಪಿನಲ್ಲಿ ಹೊರಗೂ ಇರಬಹುದು. ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ಮನೆಯೊಳಗೂ ಅಷ್ಟು ತಂಪು ಇರುವುದಿಲ್ಲ. ತಿರುಪತಿಗೆ ಹೋದಾಗ ಐಸ್ ಹಾಕಿದ ಸಣ್ಣ ಫ್ಲಾಸ್ಕಿನಲ್ಲಿ ಒಯ್ದೆವು. ಬೆರಳು ತೀರಾ ಸಹಕರಿಸದ ರಾತ್ರಿ ಮೊಮ್ಮಗ ಹಾಕುತ್ತಾನೆ. ಸೊಸೆಯನ್ನು ದಿನಾ ಕರೆಯಲು ಅಮ್ಮನಿಗೆ ಇಷ್ಟವಿರಲಿಲ್ಲ. ಅವಳ ಆ ಸ್ವಾಭಿಮಾನವನ್ನು ಮುರಿಯದೆ ದಾರಿ ಹುಡುಕಬೇಕಿತ್ತು.

ಅಮ್ಮನ ಬೀದಿಯಲ್ಲೇ ಇರುವ ಒಬ್ಬ ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಸುವವರು, ನಾವೆಲ್ಲ ಚಾಚಾ ಎನ್ನುವವರು, ಅಮ್ಮನಿಗಿಂತ ಮೊದಲೇ ಈ ಕಾಯಿಲೆ ಇದ್ದವರು. ಅವರದು ಬೇರೆಯೇ ದಾರಿ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಅದಕ್ಕೆ ಕೊಟ್ಟ ಹನಿಯನ್ನು ಒಂದೂವರೆ ತಿಂಗಳು ಹಾಕಿ ನಿಲ್ಲಿಸಿ ಎಂದಿದ್ದರು, ನಿಲ್ಲಿಸಿದರು, ಕಣ್ಣು ಲಕಲಕ ಕಾಣುತ್ತಿತ್ತು. ಗ್ಲಾಕೋಮಾದ ಹನಿಯನ್ನೂ ಅದೇ ಲೆಕ್ಕದಲ್ಲಿ ನಿಲ್ಲಿಸಿಬಿಟ್ಟರು. ಮತ್ತೆ ಶುರುಮಾಡಿದಾಗ ರಂಜಾನ್ ಬಂತು. ಉಪವಾಸದಲ್ಲಿ ಕಣ್ಣಿಗೆ ಹನಿ ಹಾಕಬಹುದೇ ಎಂಬ ಸಂಶಯವನ್ನು ಅವರು ಯಾರ ಬಳಿಯೂ ಆಡಲಿಲ್ಲ, ತಿಂಗಳು ಪೂರ್ತಿ ಬಿಟ್ಟರು. ಅವರ ಹನಿ ರಾತ್ರಿ ಒಂದೇ ಹೊತ್ತಿನದು. ಇಫ್ತಾರ್ ಆದ ಮೇಲೆ ಹಾಕಿಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗೀಗ ಅವರು ಆಸ್ಪತ್ರೆಗೆ ಹೋಗುವ ಹಿಂದಿನ ವಾರ ಮಾತ್ರ ತಪ್ಪದೆ ಹಾಕಿಕೊಳ್ಳುತ್ತಾರೆ. ಅಷ್ಟರಿಂದಲೇ ಒತ್ತಡ ಇಳಿದು 16 ತೋರಿಸುತ್ತದೆ, ವೈದ್ಯರು ಸಂತೋಷಪಡುತ್ತಾರೆ. ಉಳಿದ ತಿಂಗಳುಗಳಲ್ಲಿ ನರಕ್ಕೆ ಏನಾಯಿತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಕಳೆದ ವರ್ಷ ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಎಡಗಡೆಯಿಂದ ಬಂದ ಬೈಕು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ಬೈಕಿನವನನ್ನು ಬೈದವರು ಬಹಳ. ಚಾಚಾಗೆ ಆ ಕಡೆಯ ನೋಟವೇ ಇಲ್ಲ ಎಂದು ತಿಳಿದದ್ದು ಆಮೇಲೆ.

ಚಾಚಾ ಸುಳ್ಳುಗಾರರಲ್ಲ. ಬೈಗುಳಕ್ಕೆ ಹೆದರುವವರು. “ದಿನಾ ಹಾಕುತ್ತೀರಾ?” ಎಂಬ ಪ್ರಶ್ನೆಗೆ ಇಲ್ಲ ಎನ್ನಲು ದೊಡ್ಡ ಎದೆ ಬೇಕು, ಅದೂ ಹೊರಗೆ ಐವತ್ತು ಜನ ಕಾದಿರುವಾಗ. “ಒಂದು ವಾರದಲ್ಲಿ ಎಷ್ಟು ದಿನ ತಪ್ಪಿಹೋಗುತ್ತದೆ? ಎಲ್ಲರಿಗೂ ತಪ್ಪುತ್ತದೆ” ಎಂದು ಕೇಳಿದರೆ ಉತ್ತರ ಬೇರೆ ಬರುತ್ತದೆ. ನಾನು ಅವರನ್ನು ಹಾಗೆಯೇ ಕೇಳಿದೆ. “ನಾಲ್ಕು ದಿನ ಅಂದುಕೋಮ್ಮಾ” ಎಂದರು, ಒಂದು ಕ್ಷಣವೂ ತಡೆಯದೆ.

ಹನಿ ನಿಜಕ್ಕೂ ಒಗ್ಗದವರಿಗೆ ಬೇರೆ ದಾರಿಯೂ ಇದೆ. ಮೂಲೆ ತೆರೆದಿರುವ ಬಗೆಯ ಗ್ಲಾಕೋಮಾದಲ್ಲಿ ನೀರು ಬಸಿಯುವ ಜಾಲರಿಗೆ ಲೇಸರ್ ಕೊಟ್ಟು ಒತ್ತಡ ಇಳಿಸಬಹುದು. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಶೇ 74ರಷ್ಟು ಜನಕ್ಕೆ ಮೂರು ವರ್ಷದ ನಂತರವೂ ಹನಿ ಬೇಕಾಗಿರಲಿಲ್ಲ. ಅದರ ಪರಿಣಾಮ ವರ್ಷಗಳು ಕಳೆದಂತೆ ಕರಗಬಹುದು, ತಪಾಸಣೆ ತಪ್ಪುವಂತಿಲ್ಲ. ಆದರೂ ಬೆರಳು ಬಾಗದವರಿಗೆ, ಒಂಟಿಯಾಗಿರುವವರಿಗೆ, ತಿಂಗಳ ಸೀಸೆಗೆ ದುಡ್ಡು ಹೊಂದಿಸಲಾಗದವರಿಗೆ ಈ ದಾರಿ ಇದೆ ಎಂದು ವೈದ್ಯರೇ ಮೊದಲು ಹೇಳಬೇಕು. ಕೇಳಿದವರಿಗೆ ಮಾತ್ರ ಹೇಳುವ ವಿಷಯ ಇದಲ್ಲ.

ಚಾಚಾ ಮುಂದಿನ ವಾರ ಬೆಂಗಳೂರಿಗೆ ಹೋಗುವವರಿದ್ದಾರೆ. ಹನಿ ಹಾಕಿಕೊಳ್ಳಿ, ಆದರೆ ಬಿಟ್ಟ ತಿಂಗಳುಗಳನ್ನು ಮುಚ್ಚಿಡಬೇಡಿ, ಮನೆಯಲ್ಲಿರುವ ಸೀಸೆಯನ್ನೂ ಜೊತೆಗೆ ಒಯ್ಯಿರಿ, ಲೇಸರ್ ಆಗುತ್ತದೆಯೇ ಎಂದು ನೀವಾಗಿಯೇ ಕೇಳಿ ಎಂದು ಹೇಳಿದ್ದೇನೆ. ಅವರ ದೊಡ್ಡ ಮಗ ಜೊತೆಗೆ ಹೋಗುತ್ತಾನೆ. ಅವನಿಗೂ 40 ದಾಟಿದೆ, ತನ್ನ ಕಣ್ಣಿನ ಒತ್ತಡವನ್ನೂ ಅಳೆಸಿಕೊಂಡು ಬರಲು ಒಪ್ಪಿದ್ದಾನೆ.